ಊಟದ ಚೀಲದಲ್ಲಿದ್ದ ರೆಗ್ಯುಲೇಟರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಊರಿನವರು ಹೇಳುತ್ತಾರೆ. ಇದ್ದರೆ ಇರಲಿ. ನನ್ನ ಮೂಗು, ನನ್ನ ಸಿಟ್ಟು. ಆದರೆ ಮೂರು ವರ್ಷ ನಾನು ದಿನಾ ಮಾಡಿದ ಒಂದು ಕೆಲಸಕ್ಕೆ ಸಿಟ್ಟು ಕಾರಣವಲ್ಲ, ಹೆದರಿಕೆ ಕಾರಣ. ಅದನ್ನು ಮೊದಲು ಹೇಳಿಬಿಡುತ್ತೇನೆ, ಹಬ್ಬದ ಮಾತು ಆಮೇಲೆ.

ಹೊಸೂರಿನ ಒಂದು ಕಂಪನಿಯಲ್ಲಿ ನಾನು ವೈರು ಜೋಡಿಸುವ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಆರೂಕಾಲಿಗೆ ಕೆಲಮಂಗಲದ ರಸ್ತೆಗೆ ಕಂಪನಿ ಬಸ್ಸು ಬರುತ್ತದೆ. ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಸೆಕ್ಯುರಿಟಿ ಹೆಂಗಸು ನನ್ನ ಊಟದ ಚೀಲಕ್ಕೆ ಕೈ ಹಾಕಿ, ಡಬ್ಬಿಯ ಪಕ್ಕದಲ್ಲಿದ್ದ ಭಾರದ ಸಾಮಾನನ್ನು ಎತ್ತಿ ನೋಡಿ, "ಬಂದ್ಯಾ ರೆಗ್ಯುಲೇಟರಮ್ಮಾ" ಅಂತ ನಗುತ್ತಿದ್ದಳು. ಅದು ನಮ್ಮ ಮನೆಯ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರು. ಬೆಳಿಗ್ಗೆ ತೋರಿಸದೆ ಒಳಗೆ ಹೋದರೆ ಸಂಜೆ ಕಂಪನಿ ಸಾಮಾನು ಕದ್ದೆ ಅನ್ನುತ್ತಾರೆ, ಅದಕ್ಕೆ ದಿನಾ ತೋರಿಸಿಯೇ ಹೋಗಬೇಕಿತ್ತು. ಮೊದಮೊದಲು ಯಾಕೆ ಏನು ಅಂತ ಕೇಳಿದಳು. ಮನೇಲಿ ವಯಸ್ಸಾದೋರು ಇದ್ದಾರೆ, ಕಣ್ಣು ಕಾಣಲ್ಲ ಅಂದೆ. ಅಯ್ಯೋ ಪಾಪ, ಒಳ್ಳೇದೇ ಮಾಡ್ತಿದ್ದೀಯ ಬಿಡು ಅಂದಳು. ನಾನೂ ಹಾಗೇ ಅಂದುಕೊಂಡಿದ್ದೆ.

ಆ ವಯಸ್ಸಾದವರು ನನ್ನ ಅತ್ತೆ. ಅತ್ತೆ ಅಂದರೆ ಬೇರೆ ಯಾರೂ ಅಲ್ಲ, ನಮ್ಮಪ್ಪನ ಸ್ವಂತ ಅಕ್ಕ. ಸೋದರತ್ತೆಯ ಮನೆಗೇ ಸೊಸೆಯಾಗಿ ಬಂದವಳು ನಾನು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ವರ್ಷವರ್ಷಕ್ಕೆ ಇಷ್ಟಿಷ್ಟೇ ತಿಂದು, ಬಾಗಿಲು ಯಾವ ಕಡೆ, ಬಿಸಿಲು ಯಾವ ಕಡೆ ಅನ್ನುವಷ್ಟನ್ನು ಮಾತ್ರ ಉಳಿಸಿತ್ತು. ಹಾಗಿದ್ದರೂ ಒಂದು ವರ್ಷ ಅಡುಗೆ ಅವರೇ ಮಾಡಿದರು. ನಾನು ಬೇಡ ಅನ್ನಲಿಲ್ಲ, ಯಾಕೆಂದರೆ ಅವರ ಕೈ ಅಂಥದು. ಊರಲ್ಲಿ ಯಾರ ಮನೆಯ ಕಾರ್ಯವಾದರೂ ಮುದ್ದೆ ತೊಳಸುವುದಕ್ಕೆ ಅವರನ್ನೇ ಕರೆಯುತ್ತಿದ್ದರು. ಮದುವೆ ಆದ ಹೊಸದರಲ್ಲಿ ನಾನು ತೊಳಸಿದ ಮುದ್ದೆಯಲ್ಲಿ ಗೋಲಿಯಷ್ಟು ಗಂಟುಗಳು ಇರುತ್ತಿದ್ದವು. ಮುದ್ದೆ ನುಂಗುವ ಪದಾರ್ಥ, ಗಂಟು ಗಂಟಲಿಗೆ ಸಿಕ್ಕಿಕೊಂಡರೆ ಗಂಡಸರು ಎಲೆ ಬಿಟ್ಟು ಏಳುತ್ತಾರೆ. ಅತ್ತೆ ಬೈಯಲಿಲ್ಲ. ಪಕ್ಕದಲ್ಲಿ ಕೂತು, "ಹೊಗೇಲಿ ಎಸರು ಯಾರ್ಗೂ ಕಾಣಕ್ಕಿಲ್ಲ ಕಣಮ್ಮಣ್ಣಿ, ಕಣ್ಣು ಬುಡು, ಸದ್ದು ಕೇಳು" ಅಂತ ಹೇಳಿಕೊಟ್ಟರು.

ಒಂದು ದಿನ ಕೆಲಸ ಮುಗಿಸಿ ಬಂದಾಗ ಅತ್ತೆ ಹಿತ್ತಲ ಒಲೆ ಮುಂದೆ ನೆಲದ ಮೇಲೆ ಕೂತಿದ್ದರು. ಮೈಯೆಲ್ಲ ನೀರು. ಸೆರಗು ಅರ್ಧ ಸುಟ್ಟು ಕರಕಲಾಗಿತ್ತು. ಮಣಿಕಟ್ಟಿನ ಮೇಲೆ ಬೊಬ್ಬೆ ಎದ್ದಿತ್ತು. ಬೆಂಕಿ ತಗಲಿದಾಗ ತಾವೇ ತಡಕಾಡಿ ಬಿಂದಿಗೆ ಎತ್ತಿ ಮೈಮೇಲೆ ಸುರಿದುಕೊಂಡಿದ್ದರು. ನನ್ನ ಹೆಜ್ಜೆ ಸದ್ದು ಕೇಳಿ ಅವರು ಕೇಳಿದ ಮೊದಲ ಮಾತು, "ಸಾರು ಸೀದೋಯ್ತಾ ನೋಡಮ್ಮಾ" ಅಂತ. ನಾನು ಕಿರುಚಿದ ಕಿರುಚಾಟಕ್ಕೆ ಅಕ್ಕಪಕ್ಕದ ಮನೆಯವರೆಲ್ಲ ಬಂದರು. ಅವತ್ತೇ ಹಿತ್ತಲಿನ ಸೌದೆ ಒಲೆಯ ಕಲ್ಲುಗಳನ್ನು ಹಾರೆ ಹಾಕಿ ಕಿತ್ತು ಬೇಲಿ ಆಚೆ ಎಸೆದೆ. ಇನ್ನು ಮೇಲೆ ಒಲೆ ಹತ್ತಿರ ಹೋದರೆ ನಾನು ಈ ಮನೇಲಿ ಇರಲ್ಲ ಅಂದೆ. ಅತ್ತೆ ಜಗಲಿಗೆ ಹೋಗಿ ಕೂತರು.

ಆದರೂ ನನಗೆ ನಂಬಿಕೆ ಬರಲಿಲ್ಲ. ನಾನು ಕಂಪನಿಗೆ ಹೋದ ಮೇಲೆ ಇವರು ಸುಮ್ಮನೆ ಇರುವವರಲ್ಲ. ನನ್ನ ಗಂಡ ಟೆಂಪೋ ಓಡಿಸುತ್ತಾನೆ. ಟೊಮೇಟೊ, ಕೋಸು, ಕಾಲಕ್ಕೆ ಮಾವು, ಏನು ಸಿಕ್ಕಿದರೆ ಅದನ್ನು ಕೃಷ್ಣಗಿರಿಗೆ ಹೊಡೆದು ಸಂಜೆಗೆ ಬರುತ್ತಾನೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಅಡುಗೆಮನೆಗೆ ಬೀಗ ಹಾಕಿದರೆ ನಾಲ್ಕು ಜನ ನೋಡಿ ಏನಂದಾರು. ರೆಗ್ಯುಲೇಟರು ತೆಗೆದರೆ ಯಾರಿಗೂ ಕಾಣುವುದಿಲ್ಲ. ಬೆಳಿಗ್ಗೆ ಅಡುಗೆ ಮುಗಿಸಿ, ಗುಂಡಿ ತಿರುಗಿಸಿ, ಟಕ್ ಅಂತ ಆಫ್ ಮಾಡಿ, ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುವುದು ಅಭ್ಯಾಸವಾಯಿತು. ಅತ್ತೆಗೆ ಹೇಳಲಿಲ್ಲ. ಮೊದಲನೇ ವಾರದಲ್ಲೇ ಒಂದು ಸಂಜೆ, "ಗ್ಯಾಸು ಮುಗುದೋಯ್ತೇನಮ್ಮಣ್ಣಿ" ಅಂತ ಕೇಳಿದರು. ಅಂದರೆ ಹತ್ತಿಸಿ ನೋಡಿದ್ದರು. "ಹ್ಞೂಂ ಅತ್ತೆ, ಬುಕ್ ಮಾಡ್ಬೇಕು" ಅಂದೆ. ಅವರು ಆಮೇಲೆ ಯಾವತ್ತೂ ಕೇಳಲಿಲ್ಲ.

ಬೆಳಿಗ್ಗೆ ಐದಕ್ಕೆ ಕಟ್ಟಿದ ಮುದ್ದೆ ಮಧ್ಯಾಹ್ನದ ಹೊತ್ತಿಗೆ ಕಲ್ಲಾಗುತ್ತದೆ. ಅದಕ್ಕೆ ಅತ್ತೆಗೆ ಅನ್ನವನ್ನೇ ಇಟ್ಟು ಹೋಗುತ್ತಿದ್ದೆ. ಹುಟ್ಟಿದಾಗಿನಿಂದ ರಾಗಿಹಿಟ್ಟು ತಿಂದ ಜೀವ ಅದು, ತಣ್ಣನೆ ಅನ್ನ ತಿಂದುಕೊಂಡು ಮೂರು ವರ್ಷ ಕಳೆಯಿತು. ಅದಕ್ಕಿಂತ ಅವರಿಗೆ ನೋವಾಗಿದ್ದು ಇನ್ನೊಂದು ವಿಷಯಕ್ಕೆ. ನಮ್ಮಪ್ಪ ಒಂದು ಸಲ ನನ್ನ ತವರೂರು ಸಾನಮಾವಿನಿಂದ ಅಕ್ಕನನ್ನು ನೋಡಿಕೊಂಡು ಹೋಗೋಣ ಅಂತ ಬಂದಿದ್ದರು. ಮಧ್ಯಾಹ್ನದ ಬಿಸಿಲಲ್ಲಿ ಬಂದ ತಮ್ಮನಿಗೆ ಅತ್ತೆ ಒಂದು ಚೊಂಬು ನೀರು ಕೊಟ್ಟರು. ಕಾಪಿ ಕೊಡೋಕೆ ಆಗಲಿಲ್ಲ. "ಮನೆಗೆ ಬಂದೋನ್ಗೆ ಒಂದ್ಲೋಟ ಕಾಪಿ ಇಲ್ದೆ ಕಳ್ಸಿದ್ನಲ್ಲಾ" ಅಂತ ಎಂಟು ದಿನ ಹೇಳಿಕೊಂಡರು. ನಾನು ಕೇಳಿಯೂ ಕೇಳದವಳ ಹಾಗೆ ಇದ್ದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ನಡೆಯುತ್ತಿತ್ತು.

ಹೀಗಿರುವಾಗ ನಮ್ಮ ಬೀದಿಗೆ ಸ್ಕೂಟರಮ್ಮ ಬಂದಳು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎರಡು ಕಾಲೂ ಬಲವಿಲ್ಲ, ಹಿಂದೆ ಎರಡು ಗಾಲಿ ಜಾಸ್ತಿ ಹಾಕಿಸಿದ ಸ್ಕೂಟರಿನಲ್ಲಿ ಸುತ್ತಲಿನ ಹಳ್ಳಿಯನ್ನೆಲ್ಲ ಸುತ್ತುತ್ತಾಳೆ. ಅಂಗವಿಕಲರಾದವರನ್ನೆಲ್ಲ ಹುಡುಕಿ ಹುಡುಕಿ ಒಂದು ಸಂಘ ಕಟ್ಟಿದ್ದಾಳೆ. ಅವಳು ಇಳಿದು ಬರುವುದಿಲ್ಲ, ಜಗಲಿಗೆ ಸ್ಕೂಟರು ತಾಗಿಸಿಯೇ ಮಾತಾಡುತ್ತಾಳೆ. ಸಂಘದವರು ವರ್ಷಕ್ಕೊಂದು ಸಲ ಕೆಲಮಂಗಲದಲ್ಲಿ ಹಬ್ಬ ಮಾಡುತ್ತಾರೆ. ಅದಕ್ಕೆ ತಮಿಳಿನಲ್ಲಿ ಉದ್ದನೆಯ ಹೆಸರಿದೆ, ನಮ್ಮ ಕಡೆ ಎಲ್ಲರೂ ಸ್ಕೂಟರಮ್ಮನ ಹಬ್ಬ ಅಂತಲೇ ಕರೆಯುವುದು. ಆ ಹಬ್ಬಕ್ಕೆ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಅವತ್ತು ಅಡುಗೆ ಮಾಡುವವರು, ಬಡಿಸುವವರು, ಉಪಚಾರ ಮಾಡುವವರು ಎಲ್ಲ ಅವರೇ. ಕೈಕಾಲು ಕಣ್ಣು ಗಟ್ಟಿ ಇರುವವರು ಸಾಲಾಗಿ ಕೂತು ಉಣ್ಣಬೇಕು. ಸಹಾಯ ಬೇಕು ಅಂತ ಅವರು ಕೇಳಿದರೆ ಮಾತ್ರ ಎದ್ದು ಹೋಗಬೇಕು.

"ಅವ್ವಾ, ನಿಮ್ಮ ಮುದ್ದೆ ಕೈ ದೊಡ್ಡದು ಅಂತ ಕೇಳಿದೀನಿ. ಈ ಸಲ ಹಬ್ಬದ ಸಾಪಾಡಿಗೆ, ಊಟಕ್ಕೆ, ಮುದ್ದೆ ನಿಮ್ದು, ಸರಿಯಾ?" ಅಂದಳು ಸ್ಕೂಟರಮ್ಮ.

"ಅಯ್ಯೋ, ಅವ್ರಿಗೆ ಆಗಲ್ಲ ಬಿಡಿ" ಅಂದೆ ನಾನು.

ಅವಳು ನನ್ನ ಕಡೆ ತಿರುಗಲೇ ಇಲ್ಲ. "ನಾನು ಕೇಳಿದ್ದು ಅವ್ವನ್ನ" ಅಂದಳು. ನನಗೆ ಕೋಪ ನೆತ್ತಿಗೇರಿತು. ಆದರೆ ಅತ್ತೆಯ ಮುಖ ನೋಡಿ ಸುಮ್ಮನಾದೆ. ಮೂರು ವರ್ಷದಲ್ಲಿ ಆ ಮುಖದ ಮೇಲೆ ಅಂಥ ಕಳೆ ನೋಡಿರಲಿಲ್ಲ.

ಅವಳು ಹೋದ ಮೇಲೆ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. "ನೋಡಮ್ಮಣ್ಣಿ, ಅಲ್ಲಿ ಮೈ ಸುಟ್ಕೊಳ್ದಂಗೆ, ಒಂದು ಗಂಟಿಲ್ದಂಗೆ ಅಷ್ಟೂ ಮುದ್ದೆ ಕಟ್ಟಿ ಇಳಿಸ್ಬುಟ್ರೆ, ಮನೆ ಒಲೆ ನಂಗೆ ಬುಟ್ಕೊಡ್ತೀಯಾ?"

"ಆಗ್ದಿದ್ರೆ?"

"ಆಗ್ದಿದ್ರೆ ಸಾಯೋವರ್ಗೂ ಜಗಲಿ ಬುಟ್ಟು ಏಳಕ್ಕಿಲ್ಲ. ನೀನು ಇಕ್ಕಿದ್ನೇ ತಿಂತೀನಿ. ಕಾಪಿ ಸುದ್ದಿನೂ ಎತ್ತಕ್ಕಿಲ್ಲ."

ಆಗಲಿ ಅಂದೆ. ಸೋಲುತ್ತಾರೆ ಅಂದುಕೊಂಡೇ ಒಪ್ಪಿದೆ. ನೂರಿಪ್ಪತ್ತು ಮುದ್ದೆ, ಮೂವತ್ತು ಮೂವತ್ತರ ನಾಲ್ಕು ಸರದಿ, ದೊಡ್ಡ ಉರಿ, ಗೊತ್ತಿಲ್ಲದ ಜಾಗ. ಒಂದು ಸಲ ಸೋತರೆ ಮತ್ತೆ ಕೇಳುವುದಿಲ್ಲ, ನನಗೂ ನೆಮ್ಮದಿ ಅನ್ನುವ ಲೆಕ್ಕ. ಇದನ್ನು ಬರೆಯುವಾಗ ನಾಚಿಕೆ ಆಗುತ್ತಿದೆ. ಆದರೂ ಆಗಿದ್ದು ಹಾಗೇ.

ಅವರೆಕಾಯಿ ಕಾಲದ ಒಂದು ಭಾನುವಾರ ಹಬ್ಬ. ಹಿಂದಿನ ದಿನವೇ ಅತ್ತೆ ಸೂರಿನಲ್ಲಿ ಸಿಕ್ಕಿಸಿದ್ದ ದೊಡ್ಡ ಮುದ್ದೆ ಕೋಲನ್ನು ತೆಗೆಸಿ, ತೊಳೆಸಿ, ತಾವೇ ಎಣ್ಣೆ ಸವರಿಟ್ಟಿದ್ದರು. ಅದರ ಜೊತೆಗೆ ಕವೆಗೋಲು, ಅಂದರೆ ತೊಳಸುವಾಗ ಮುದ್ದೆ ಪಾತ್ರೆಯಾದ ಗುಂಡಿ ಅಲ್ಲಾಡದ ಹಾಗೆ ಒತ್ತಿ ಹಿಡಿಯುವ ಕವಲು ಕೋಲು. ಬೆಳಿಗ್ಗೆ ನಾನು ಅವರ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಮೂರು ಕಡೆ ಪಿನ್ನು ಹಾಕಿದೆ. "ನನ್ನೇನು ಮೂಟೆ ಕಟ್ತಿದ್ದೀಯಾ" ಅಂದರು. ಗಂಡ ಟೆಂಪೋದಲ್ಲಿ ನಮ್ಮನ್ನು ಶಾಲೆಯ ಮೈದಾನದ ಹತ್ತಿರ ಇಳಿಸಿ, ಟೊಮೇಟೊ ಬಾಡಿಗೆ ಇದೆ ಅಂತ ಕೃಷ್ಣಗಿರಿಗೆ ಹೊರಟುಹೋದ.

ಹಬ್ಬ ಅಂದರೆ ಹಬ್ಬವೇ. ನಾನು ಏನೋ ನಾಲ್ಕು ಭಾಷಣ, ನಾಲ್ಕು ಅಳು ಅಂದುಕೊಂಡು ಹೋಗಿದ್ದೆ. ಶಾಮಿಯಾನದ ಬಾಗಿಲಲ್ಲೇ ಕಿವಿ ಕೇಳದ ಗಂಡ ಹೆಂಡತಿ ಟೀ ಅಂಗಡಿ ಇಟ್ಟಿದ್ದರು. ಸಕ್ಕರೆ ಬೇಕಾ ಬೇಡವಾ ಅಂತ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ಅದರ ಪಕ್ಕದಲ್ಲಿ ಒಂದೇ ಕೈಯ ಒಬ್ಬ ಮನುಷ್ಯ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗುಲಾಬಿ ಗೊಂಚಲು ಕಟ್ಟುತ್ತಿದ್ದ. ನಾನು ನಿಂತು ನೋಡುತ್ತಿದ್ದರೆ, "ತಗಳೋದಾದ್ರೆ ತಗಳಿ, ಬರೀ ನೋಡಿದ್ರೆ ಹೂ ಬಾಡ್ತದೆ" ಅಂದ. ಮೈದಾನದ ಮಧ್ಯೆ ಗಾಲಿಕುರ್ಚಿ ಓಟ ಜೋರಾಗಿ ನಡೆದಿತ್ತು. ಅತ್ತೆ ಯಾರು ಮುಂದಿದ್ದಾರೆ ಹೇಳು ಹೇಳು ಅಂತ ನನ್ನ ಕೈ ಹಿಂಡಿ ಕೇಳುತ್ತಿದ್ದರು. ಸ್ಕೂಟರಮ್ಮ ಮೈಕು ಹಿಡಿದುಕೊಂಡು ಪ್ರತಿಯೊಂದನ್ನೂ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಹೇಳುತ್ತಿದ್ದಳು.

"ಮೂರು ಭಾಷೇಲೂ ಒಂದ್ನೇ ಹೇಳ್ತಾವ್ಳೆ. ಊಟಕ್ಕೆ ಇನ್ನೂ ಹೊತ್ತೈತೆ ಅಂತ" ಅಂದರು ಅತ್ತೆ.

ಅಡುಗೆ ಶಾಲೆಯ ಹಿಂದೆ, ಹುಣಸೆಮರದ ಕೆಳಗೆ. ಒಂದು ಕಾಲಿಗೆ ಕೃತಕ ಕಾಲು ಹಾಕಿಕೊಂಡಿದ್ದ ಮೇಸ್ತ್ರಿ ಅಡುಗೆಯ ಯಜಮಾನ. ಹಿತಕಿದ ಅವರೆಬೇಳೆಯ ಸಾರು ಆಗಲೇ ಘಮಘಮ ಅನ್ನುತ್ತಿತ್ತು. ಅವನು ಅತ್ತೆಯ ಕೈಹಿಡಿದು ಗ್ಯಾಸ್ ಒಲೆ ಎಲ್ಲಿ, ನೀರಿನ ಡ್ರಮ್ಮು ಎಲ್ಲಿ, ಹಿಟ್ಟಿನ ಚೀಲ ಎಲ್ಲಿ, ಮುದ್ದೆ ಕಟ್ಟುವ ಹಲಗೆ ಎಲ್ಲಿ ಅಂತ ಒಂದು ಸುತ್ತು ನಡೆಸಿದ. ಒಂದೇ ಸುತ್ತು. ಆಮೇಲೆ ಅತ್ತೆ ತಾವೇ ಹೆಜ್ಜೆ ಎಣಿಸಿಕೊಂಡು ಓಡಾಡಿದರು. ನನಗೆ ಕೊಟ್ಟ ಕೆಲಸ ಕವೆಗೋಲು ಹಿಡಿಯುವುದು ಮಾತ್ರ, ಅದೂ ತೊಳಸುವಾಗ.

ಮೊದಲನೇ ಗುಂಡಿಗೆ ನೀರು, ಒಂದು ಹಿಡಿ ನುಚ್ಚಕ್ಕಿ ಬಿತ್ತು. ಅತ್ತೆ ತಲೆ ಬಗ್ಗಿಸಿ ಕೇಳುತ್ತಾ ನಿಂತರು. "ಎಸರು ಬಂತು, ಹಿಟ್ಟು ತಂದ್ಕೊಡಿ" ಅಂದರು. ನಾನು ಇಣುಕಿ ನೋಡಿದೆ, ಆಗ ತಾನೇ ಕುದಿ ಏಳುತ್ತಿತ್ತು. ಹಿಟ್ಟನ್ನು ರಾಶಿಯಾಗಿ ಸುರಿದು, ನಡುವೆ ಕೋಲು ಚುಚ್ಚಿ ಬಿಟ್ಟರು. "ಇನ್ನು ಸಣ್ಣ ಉರೀಲಿ ಬೇಯ್ಲಿ. ಉಕ್ಕು ಮೇಲಕ್ಕೆ ಬರೋವರ್ಗೂ ಯಾರೂ ಕೈ ಹಾಕ್ಬೇಡಿ" ಅಂದರು. ಹಿಟ್ಟು ಬೇಯುವ ಈ ಹೊತ್ತೇ ಮುದ್ದೆಯ ಜೀವ. ಇಲ್ಲಿ ಉರಿ ನಿಂತರೆ ಆಮೇಲೆ ಭೀಮ ಬಂದು ತೊಳಸಿದರೂ ಹಸಿ ಹಿಟ್ಟು, ಬರೀ ಗಂಟು.

ಅತ್ತೆ ಕೈ ತೊಳೆಯೋಣ ಅಂತ ಡ್ರಮ್ಮಿನ ಕಡೆ ಬಗ್ಗಿದರು. ಯಾವಾಗ ಪಿನ್ನು ಬಿಚ್ಚಿಕೊಂಡಿತ್ತೋ, ಸೆರಗು ಜಾರಿ ಒಲೆಯ ಕಡೆ ಬೀಸಿತು. ಉರಿಗೆ ಇನ್ನೂ ಮೊಳ ದೂರವಿತ್ತು. ನನಗೆ ಮಾತ್ರ ಆ ಕರಕಲು ಸೆರಗು, ಮಣಿಕಟ್ಟಿನ ಬೊಬ್ಬೆ ಕಣ್ಣಿಗೆ ಕಟ್ಟಿತು. ಸಿಲಿಂಡರು ನನ್ನ ಪಕ್ಕದಲ್ಲೇ ಇತ್ತು. ಕೈ ಹೋಯಿತು, ರೆಗ್ಯುಲೇಟರಿನ ಗುಂಡಿ ತಿರುಗಿತು. ಟಕ್.

ಕೈ ತಾನಾಗಿ ಹೋಯಿತು ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಉರಿ ಆರಿದ ಮೇಲೆ ಕೂಗಿ ಹೇಳಬಹುದಿತ್ತು, ಲೈಟರ್ ತಗೊಂಡು ಮತ್ತೆ ಹತ್ತಿಸಬಹುದಿತ್ತು. ಹತ್ತಿಸಿದರೆ ಯಾಕೆ ಆರಿಸಿದೆ ಅಂತ ಕೇಳುತ್ತಾರೆ ಅನ್ನುವ ನಾಚಿಕೆ. ಅದರ ಅಡಿಯಲ್ಲಿ ಇನ್ನೊಂದು ಸಣ್ಣ ಯೋಚನೆಯೂ ಇತ್ತು, ಇಲ್ಲಿಗೇ ಮುಗಿದರೆ ಮುಗಿಯಲಿ ಅಂತ. ಅತ್ತೆ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಕವೆಗೋಲು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಮೈದಾನದಲ್ಲಿ ಯಾರೋ ಗೆದ್ದರು, ತಮಟೆ ಸದ್ದು ಜೋರಾಯಿತು.

ತಮಟೆ ನಿಂತಾಗ ಅತ್ತೆ ಗುಂಡಿಯ ಹತ್ತಿರ ಬಂದರು. ಕಿವಿ ಬಗ್ಗಿಸಿದರು. ಅಂಗೈಯನ್ನು ಮೇಲೆ ಹಿಡಿದು ಆವಿ ನೋಡಿದರು. ಅವರ ಮುಖ ನನ್ನ ಕಡೆಗೆ ತಿರುಗಿತು, ನಾನು ಎಲ್ಲಿ ನಿಂತಿದ್ದೇನೆ ಅಂತ ಅವರಿಗೆ ಗೊತ್ತಿತ್ತು.

"ಸದ್ದಿಲ್ಲ" ಅಂದರು.

ಮೇಸ್ತ್ರಿ ಓಡಿ ಬಂದ. "ಆರೋಗ್ಬುಟ್ಟೈತೆ. ಗ್ಯಾಸು ಖಾಲಿ ಆಯ್ತಾ?" ಅಂತ ಸಿಲಿಂಡರು ಅಲ್ಲಾಡಿಸಿದ. ತುಂಬಿತ್ತು. ಕೋಲು ಹಾಕಿ ಒಂದು ಸಲ ತಿರುವಿದ, ಹಿಟ್ಟು ಅಂಟಂಟಾಗಿ ಗಂಟು ಗಂಟಾಗಿ ಎದ್ದು ಬಂತು. ಊಟಕ್ಕೆ ಅಂತ ಮುಂಚೆಯೇ ಬಂದು ನಿಂತಿದ್ದ ರೇಷ್ಮೆ ಸೀರೆಯ ಒಬ್ಬ ಹೆಂಗಸು, "ಕಣ್ಣು ಕಾಣ್ದೋರ ಕೈಗೆ ಇದೆಲ್ಲ ಯಾಕೆ ಕೊಡ್ತಾರೋ, ಪಾಪ" ಅಂದಳು.

ಆ ಪಾಪ ಅನ್ನುವ ಮಾತು ಕೇಳಿ ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆಮೇಲೆ ಹೊಳೆಯಿತು, ಅದು ನನ್ನದೇ ಮಾತು. ಗೇಟಿನ ಹೆಂಗಸಿಗೆ, ಬೀದಿಯವರಿಗೆ, ಗಂಡನಿಗೆ ಮೂರು ವರ್ಷ ನಾನು ಹೇಳಿಕೊಂಡು ಬಂದಿದ್ದು ಇದನ್ನೇ.

ಅಷ್ಟರಲ್ಲಿ ಅತ್ತೆ ಮೇಸ್ತ್ರಿಗೆ ಹೇಳಿದರು. "ತಪ್ಪು ನಂದೇ ಕಣಪ್ಪಾ. ಆ ಕಡೆ ಹೋಗೋವಾಗ ಕೈ ತಗಲ್ತು, ಆಫಾಗೋಗ್ಬುಟ್ತು. ಕಣ್ಣಿಲ್ದೋಳು ನೋಡು."

ಆ ಒಂದು ಮಾತಿಗೆ ಅವರು ಒಲೆಯನ್ನು ಬಿಟ್ಟುಕೊಟ್ಟಿದ್ದರು, ಸಾಯುವವರೆಗೂ. ಸೊಸೆಯ ಮಾನ ನಾಲ್ಕು ಜನರ ಮುಂದೆ ಹೋಗಬಾರದು, ಅಷ್ಟೇ.

"ಸುಳ್ಳು" ಅಂದೆ. ನನ್ನ ದನಿ ಮೈಕಿಗಿಂತ ಜೋರಾಗಿತ್ತು ಅಂತ ಆಮೇಲೆ ಸ್ಕೂಟರಮ್ಮ ಹೇಳಿದಳು. "ಅವ್ರ ಕೈ ಎಲ್ಲೂ ತಗಲ್ಲಿಲ್ಲ. ಆಫ್ ಮಾಡ್ದೋಳು ನಾನು. ಬೇಕಂತ್ಲೇ ಮಾಡ್ದೆ. ಅವ್ರು ಮಾಡ್ತಿದ್ದಿದ್ದು ಸರಿಯಾಗೇ ಇತ್ತು."

ನನಗೆ ಅಳು ಬಂತು, ತಡೆಯಲಿಲ್ಲ. ಅತ್ತೆ ತಡವುತ್ತಾ ಬಂದು ನನ್ನ ತೋಳು ಹಿಡಿದುಕೊಂಡರು. "ಯಾಕಮ್ಮಣ್ಣಿ ಅಂಗೆ ಕಿರುಚ್ಕೋತೀಯ. ನಂಗೆ ಗೊತ್ತಾಗ್ನಿಲ್ವಾ? ತಮಟೆ ಸದ್ದಿಗಿಂತ ಮುಂಚೇನೇ ಕೇಳ್ತು. ನೀನೇ ಮತ್ತೆ ಹತ್ತಿಸ್ತೀಯ ಅಂತ ಕಾದೆ. ಆ ಟಕ್ ಅನ್ನೋದ್ನ ಮೂರು ವರ್ಸದಿಂದ ದಿನಾ ಬೆಳಗಾಗೆದ್ದು ಕೇಳ್ತಾ ಇವ್ನಿ."

"ಮತ್ತೆ ಒಂದಿನಾನೂ ಯಾಕೆ ಕೇಳ್ಲಿಲ್ಲ ಅತ್ತೆ?"

"ಕೇಳಿದ್ರೆ ಗ್ಯಾಸು ಮುಗೀತು ಅಂತ ನೀನು ಸುಳ್ಳು ಹೇಳ್ಬೇಕಾಯ್ತದೆ. ದಿನಾ ನಿನ್ ಬಾಯಲ್ಲಿ ಸುಳ್ಳು ಯಾಕೆ ಹೇಳಿಸ್ಲಿ."

ಅತ್ತೆ ಮೇಸ್ತ್ರಿಯ ಕಡೆ ತಿರುಗಿದರು. "ಮೇಸ್ತ್ರಿ, ಇದ್ನ ಎಸೀಬೇಡ. ನೀರು ಜಾಸ್ತಿ ಬುಟ್ಟು ಚೆನ್ನಾಗಿ ಕುದ್ಸಿ ಅಂಬಲಿ ಮಾಡು. ಮಜ್ಜಿಗೆ, ಈರುಳ್ಳಿ ಹಾಕಿ ಆ ಗಾಲಿಕುರ್ಚಿ ಓಡ್ಸೋರಿಗೆಲ್ಲ ಕೊಡು, ಬಿಸಿಲಲ್ಲಿ ದಣ್ದವ್ರೆ. ನಂಗೆ ಬೇರೆ ಗುಂಡಿ ಇಡು" ಅಂದರು. ಆಮೇಲೆ ನನಗೆ, "ನೀನು ಮೂಗು ಒರೆಸ್ಕೊಂಡು ಕವೆಗೋಲು ಹಿಡಿ" ಅಂದರು. ಸುತ್ತ ನಿಂತಿದ್ದವರು ನಕ್ಕರು. ಮೇಸ್ತ್ರಿ ಸಿಲಿಂಡರನ್ನು ನನ್ನ ಕೈಗೆ ಎಟುಕದ ಹಾಗೆ ಆ ಕಡೆಗೆ ಎಳೆದಿಟ್ಟ. ಇಡಲಿ ಬಿಡು ಅಂದುಕೊಂಡೆ, ಸರಿಯಾಗೇ ಮಾಡಿದ.

ಎರಡನೇ ಗುಂಡಿ ಎಸರು ಬಂತು, ಹಿಟ್ಟು ಬಿತ್ತು, ಉಕ್ಕು ಬಂತು. ಅತ್ತೆ ಕೋಲು ಹಿಡಿದರು. ನಾನು ಕವೆಯನ್ನು ಗುಂಡಿಯ ಕಂಠಕ್ಕೆ ಸಿಕ್ಕಿಸಿ ಮೈಭಾರ ಬಿಟ್ಟು ಒತ್ತಿದೆ. ಆವಿ ಎದ್ದು ನನ್ನ ಕನ್ನಡಕ ಪೂರ್ತಿ ಮುಚ್ಚಿಹೋಯಿತು. ವೈರು ಜೋಡಿಸಿ ಜೋಡಿಸಿ ಬಂದ ಕನ್ನಡಕ, ಅದಿಲ್ಲದೆ ನನಗೂ ಏನೂ ಕಾಣುವುದಿಲ್ಲ. ಒರೆಸಿಕೊಳ್ಳೋಣ ಅಂದರೆ ಎರಡು ಕೈಯೂ ಕೋಲಿನ ಮೇಲೆ. "ಬಲಕ್ಕೆ ಒತ್ತು. ಈಗ ನಿನ್ ಕಡೀಕೆ ಎಳ್ಕೋ. ಸಡಲ ಬುಡ್ಬೇಡ" ಅಂತ ಅತ್ತೆ ಹೇಳುತ್ತಾ ಹೋದರು, ನಾನು ಹಾಗೇ ಮಾಡುತ್ತಾ ಹೋದೆ. ಮೊದಲು ಗೊದಗೊದ ಅನ್ನುತ್ತಿದ್ದ ಸದ್ದು ನಿಧಾನಕ್ಕೆ ಬಿಗಿಯಾಗಿ, ಕೋಲು ಬರಬರ ಅಂತ ತಳಕ್ಕೆ ಉಜ್ಜುವುದು ಕೇಳಿತು. ಮದುವೆಯಾದ ಹೊಸದರಲ್ಲಿ ಕೇಳಿಸಿಕೊಂಡಿದ್ದೆ, ಆಮೇಲೆ ಕುಕ್ಕರಿನ ಗಡಿಬಿಡಿಯಲ್ಲಿ ಮರೆತಿದ್ದೆ. "ಬಂತು" ಅಂದೆ ನಾನು. ಅತ್ತೆ ಆಗಲೇ ಕೋಲು ಎತ್ತಿದ್ದರು.

ನಾಲ್ಕು ಸರದಿ ಹೋಗಿ ಐದು ಆಯಿತು. ಹಲಗೆಯ ಮೇಲೆ ಅತ್ತೆ ಕೈ ಒದ್ದೆ ಮಾಡಿಕೊಂಡು ಒಂದೊಂದೇ ಮುದ್ದೆ ಉರುಳಿಸಿದರು. ಎಲ್ಲ ಒಂದೇ ಅಳತೆ. ನಾವು ಸಾಲಾಗಿ ಕೂತೆವು. ಬಡಿಸಿದವರಲ್ಲಿ ಒಬ್ಬರಿಗೆ ಬೆರಳಿಲ್ಲ, ಒಬ್ಬರು ಗಾಲಿಕುರ್ಚಿಯಲ್ಲಿ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಸ್ಕೂಟರಮ್ಮ ಸ್ಕೂಟರಿನಿಂದಲೇ ತುಪ್ಪ ಹಾಕಿಕೊಂಡು ಸಾಲಿನ ಉದ್ದಕ್ಕೂ ಬಂದಳು. ನಾನು ಮುದ್ದೆ ಮುರಿದು ಮುರಿದು ಗಂಟು ಹುಡುಕಿದೆ. ನನ್ನ ಎಲೆಯದು ಸಾಲದು ಅಂತ ಪಕ್ಕದವರ ಎಲೆಗೂ ಇಣುಕಿದೆ. ರೇಷ್ಮೆ ಸೀರೆಯ ಹೆಂಗಸು ಇನ್ನೊಂದು ಹಾಕಿಸಿಕೊಂಡಳು. ನಾನು ಅವಳನ್ನೇ ನೋಡುತ್ತಿದ್ದೆ, ಅವಳು ತಲೆ ಎತ್ತಲಿಲ್ಲ.

ಊಟ ಮುಗಿದು ಹುಣಸೆಮರದ ಕೆಳಗೆ ಅತ್ತೆಗೆ ಎಲೆ ಹಾಕಿದಾಗ ನಾನೇ ಬಡಿಸಿದೆ. ಬಿಸಿ ಮುದ್ದೆಗೆ ಬೆರಳು ಊರಿ, ಸಾರಿಗೆ ಅದ್ದಿ, ಕಣ್ಣು ಮುಚ್ಚಿ ನುಂಗಿದರು. "ಗಂಟು ಸಿಕ್ತಾ?" ಅಂತ ಕೇಳಿದರು.

"ಇಲ್ಲ ಅತ್ತೆ."

"ಸರ್ಯಾಗಿ ಹುಡುಕ್ದ್ಯಾ?"

"ಮೂರು ಎಲೇಲಿ ಹುಡುಕ್ದೆ."

ಒಲೆಯ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಜೆ ಮನೆಗೆ ಬಂದ ಮೇಲೆ ನಾನು ಸುಮ್ಮನೆ ಕೂರಲಾರದೆ ಒಲೆಯ ಸುತ್ತ ಇದ್ದ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ತೆಗೆದು ಆ ಗೋಡೆಗೆ ಜೋಡಿಸಿದೆ. ಬೆಂಕಿ ತಗಲುವಂಥದ್ದು ಏನೂ ಹತ್ತಿರ ಇರಬಾರದು. ಒಂದು ಬಕೆಟ್ ನೀರು ತುಂಬಿಸಿ ಬಾಗಿಲ ಪಕ್ಕ ಇಟ್ಟೆ.

ಸೋಮವಾರ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಚೀಲ ಹೆಗಲಿಗೆ ಹಾಕಿದೆ. ಕೈ ಸಿಲಿಂಡರಿಗೆ ಹೋಯಿತು. ಟಕ್. ನಡುಮನೆಯಲ್ಲಿ ಅತ್ತೆ ಕೆಮ್ಮುತ್ತಿದ್ದರು, ಕೆಮ್ಮು ನಿಂತಿತು. ನಾನು ಅಲ್ಲೇ ನಿಂತೆ. ಅವರು ಏನೂ ಕೇಳಲಿಲ್ಲ, ಕೇಳುವುದೂ ಇಲ್ಲ ಅಂತ ನನಗೆ ಗೊತ್ತಿತ್ತು. ಗುಂಡಿಯನ್ನು ಹಿಂದಕ್ಕೆ ತಿರುಗಿಸಿದೆ. ಟಕ್. "ಬತ್ತೀನಿ ಅತ್ತೆ" ಅಂದೆ. "ಹೋಗ್ಬಾ" ಅಂದರು. ಬಸ್ಸಿನವರೆಗೂ ಹಿಂತಿರುಗಿ ನೋಡಲಿಲ್ಲ, ನೋಡಿದ್ದರೆ ವಾಪಸ್ ಹೋಗುತ್ತಿದ್ದೆ.

ಗೇಟಿನಲ್ಲಿ ಆ ಹೆಂಗಸು ಚೀಲಕ್ಕೆ ಕೈ ಹಾಕಿ ತಡಕಾಡಿದಳು. "ಎಲ್ಲೇ ನಿನ್ನ ರೆಗ್ಯುಲೇಟರು, ಕಳ್ಕೊಂಡ್ಯಾ?"

"ಇಲ್ಲ ಕಣಕ್ಕಾ, ಅದರ ಜಾಗದಲ್ಲೇ ಐತೆ" ಅಂದೆ.

ಹೇಳುವುದೇನೋ ಹೇಳಿದೆ, ಮಧ್ಯಾಹ್ನದವರೆಗೂ ವೈರು ತಪ್ಪು ತಪ್ಪಾಗಿ ಜೋಡಿಸಿ ಬಿಚ್ಚಿದೆ. ಊಟದ ಬಿಡುವಿನಲ್ಲಿ ಫೋನ್ ಮಾಡಿದೆ. ಅತ್ತೆ ತುಂಬ ಹೊತ್ತು ಎತ್ತಲಿಲ್ಲ. ಕೊನೆಗೆ ಎತ್ತಿ, "ಏನು" ಅಂದರು.

"ಏನಿಲ್ಲ ಅತ್ತೆ."

"ಏನಿಲ್ದಿದ್ರೆ ಇಡು, ಹಾಲು ಉಕ್ತೈತೆ."

ಸಂಜೆ ಮನೆಗೆ ಬಂದಾಗ ಎರಡು ಲೋಟ ತೊಳೆದು ಬೋರಲು ಹಾಕಿತ್ತು. ಯಾರು ಬಂದಿದ್ದರು ಅಂತ ಕೇಳಿದೆ. "ನಿಮ್ಮಪ್ಪ. ನಾನೇ ಫೋನ್ ಮಾಡಿ ಕರೆಸ್ದೆ. ಎರಡು ಸಲ ಕಾಪಿ ಕುಡ್ದು ಹೋದ" ಅಂದರು ಅತ್ತೆ. ಅವರ ಸೀರೆಯ ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿತ್ತು, ಮೂರು ಪಿನ್ನೂ ಹಾಕಿತ್ತು. ಕೈಕಾಲು ತೊಳ್ಕೊಂಡು ಬಾ ಅಂತ ಹೇಳಿ ತಟ್ಟೆ ಹಾಕಿದರು. ಮುದ್ದೆಯ ಮೇಲೆ ಇನ್ನೂ ಹೊಗೆ ಆಡುತ್ತಿತ್ತು. ಮೂರು ವರ್ಷ ಐದು ಗಂಟೆಗೆ ಎದ್ದು ಎಲ್ಲರಿಗೂ ನಾನೇ ಮಾಡಿಟ್ಟು, ಸಂಜೆ ಬಂದು ಮತ್ತೆ ನಾನೇ ಮಾಡಿ, ಆರಿದ್ದನ್ನು ಕೊನೆಗೆ ಉಣ್ಣುತ್ತಿದ್ದವಳು ನಾನು. ನನಗೂ ಯಾರೋ ಬಿಸಿ ಮುದ್ದೆ ಇಕ್ಕಿ ಎದುರು ಕೂತಿದ್ದಾರೆ ಅನ್ನುವುದೇ ಸ್ವಲ್ಪ ಹೊತ್ತು ತಲೆಗೆ ಹೋಗಲಿಲ್ಲ.

ಒಂದು ತುತ್ತು ನುಂಗಿದೆ. ಮುದ್ದೆ ಬೆಣ್ಣೆ. ಸಾರಿಗೆ ಉಪ್ಪೇ ಇಲ್ಲ.

ಹೇಳಲೋ ಬೇಡವೋ ಅಂತ ಯೋಚಿಸಿದೆ. ಇನ್ನು ಈ ಮನೆಯಲ್ಲಿ ಸುಳ್ಳು ಸಾಕು ಅನ್ನಿಸಿತು. "ಅತ್ತೆ, ಸಾರಿಗೆ ಉಪ್ಪಿಲ್ಲ" ಅಂದೆ.

"ಎಲ್ಲಿಂದ ಬತ್ತದೆ ಉಪ್ಪು? ಮಧ್ಯಾಹ್ನ ಎಲ್ಲ ತಡಕಾಡ್ದೆ, ಒಂದು ಡಬ್ಬಿನೂ ಅದರ ಜಾಗದಲ್ಲಿಲ್ಲ. ಕಾಪಿಪುಡಿ, ಖಾರ ವಾಸ್ನೇಲಿ ಸಿಕ್ತು, ಉಪ್ಪಿಗೆ ವಾಸ್ನೆ ಎಲ್ಲೈತೆ? ನಿಮ್ಮಪ್ಪನ್ಗೂ ಹೇಳ್ದೆ, ನಿನ್ ಮಗಳು ಮನೆ ಎಲ್ಲ ಕಲಸಿಕ್ಕವ್ಳೆ ಅಂತ. ಯಾರ್ನ ಕೇಳಿ ಎತ್ತಿಟ್ಟೆ? ನನ್ ಅಡುಗೆಮನೆ ಸಾಮಾನು ಮುಟ್ಟಕ್ಕೆ ನೀನ್ಯಾರು?" ಅಂತ ಶುರು ಮಾಡಿದರು.

ಎದ್ದು ಹೋಗಿ ಉಪ್ಪಿನ ಡಬ್ಬಿಯನ್ನು ಒಲೆಯ ಎಡಗಡೆ, ಹಳೇ ಜಾಗದಲ್ಲಿ ಇಟ್ಟೆ. ಹುಳಿ, ಖಾರದಪುಡಿ, ಸಾಸಿವೆ, ಎಲ್ಲ ಹೇಗಿತ್ತೋ ಹಾಗೆ ಇಟ್ಟೆ. ಅತ್ತೆ ಹಿಂದೆಯೇ ಬಂದು ಕೈ ಚಾಚಿದರು, ತಡಕಾಡದೆ ನೇರ ಉಪ್ಪಿನ ಡಬ್ಬಿಗೇ ಹೋಯಿತು ಕೈ. ಬೈಯುವುದು ಮಾತ್ರ ನಿಲ್ಲಿಸಲಿಲ್ಲ. ನಾನು ಬೈಸಿಕೊಳ್ಳುತ್ತಾ ಕೂತು, ಇನ್ನೊಂದು ಮುದ್ದೆ ಹಾಕಿಸಿಕೊಂಡೆ.